ಪರದೆಯ ಮೇಲಿನ ಬೇವಿನ ಕಟ್ಟೆ

೧೯೯೭ರಲ್ಲಿ ನಾನು ಹುಮನಾಬಾದಿನಲ್ಲಿ ಫೋಟೋಗ್ರಾಫರ್ ಆಗಿದ್ದೆ. ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ ಇತ್ತು. ಮುಂದೆ ಗಿರಾಕಿಗಳು ಕೂಡುವ ಬೆಂಚು, ಒಳಗೆ ಫೋಟೋ ತೆಗೆಯುವ ಕೋಣೆ, ಅದರ ಪಕ್ಕದಲ್ಲಿ ಡಾರ್ಕ್ ರೂಮ್. ಆ ಕಾಲಕ್ಕೆ ನಮ್ಮ ಕಡೆ ಹೆಂಗಸರು ಕ್ಯಾಮೆರಾ ಹಿಡಿಯುವುದು ಅಪರೂಪ. ನಾನೂ ಆಸೆಪಟ್ಟು ಹಿಡಿದವಳಲ್ಲ. ಬುರ್ಖಾ ಹಾಕುವ ಮನೆಗಳ ಹೆಣ್ಣುಮಕ್ಕಳು, ಸಂಬಂಧಕ್ಕೆ ಫೋಟೋ ಬೇಕಾದ ಹುಡುಗಿಯರು ಗಂಡಸಿನ ಮುಂದೆ ಸೆರಗು ಸರಿಮಾಡಿಕೊಳ್ಳಲೂ ನಾಚುತ್ತಿದ್ದರು. ಒಂದು ದಿನ ನಮ್ಮವರು ಕ್ಯಾಮೆರಾ ನನ್ನ ಕೈಗೆ ಕೊಟ್ಟು, “ನೀ ತಗಿ, ನಾ ಹೊರಗ ನಿಂದ್ರತೀನಿ” ಎಂದರು. ಅಂದಿನಿಂದ ಅವರು ಹೊರಗೇ ಉಳಿದರು, ನಾನು ಒಳಗೆ.

ನಮ್ಮವರ ಹೆಸರು ರೇವಣಪ್ಪ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ತೀರಿಕೊಂಡರು. ಮಾತಾಡಿಸಲು ಬಂದವರೆಲ್ಲ ಅವರನ್ನು “ಫೋಟೋ ರೇವಣಪ್ಪ” ಎಂದು ನೆನೆದರು. ಆದರೆ ಅವರು ತೆಗೆದ ಫೋಟೋಗಳು ಕಡಿಮೆ. ಅವರ ಕಸುಬು ಪರದೆ ಬರೆಯುವುದು. ಸ್ಟುಡಿಯೋದಲ್ಲಿ ನಿಂತವರ ಬೆನ್ನ ಹಿಂದೆ ಕಾಣುತ್ತಿದ್ದ ಗುಡ್ಡ, ಕೆರೆ, ತೋಟ, ಆಕಾಶ ಎಲ್ಲ ಅವರ ಕೈಯದ್ದು. ಫೋಟೋ ನೋಡುವವರು ಮುಖ ನೋಡುತ್ತಾರೆ. ಹಿಂದಿನದನ್ನು ಯಾರು ಬರೆದರೆಂದು ಯಾರೂ ಕೇಳುವುದಿಲ್ಲ. ಈಗ ಮನೆಯಲ್ಲಿ ಒಬ್ಬಳೇ ಕೂತು ಹಳೆಯ ಫೋಟೋಗಳನ್ನು ತಿರುವುವಾಗ ನಾನು ಮುಖಗಳನ್ನು ಬಿಟ್ಟು ಹಿಂದಿನದನ್ನೇ ನೋಡುತ್ತೇನೆ.

ಅವರು ಈ ಕೆಲಸ ಕಲಿತದ್ದು ಬಸವಕಲ್ಯಾಣದಲ್ಲಿ, ಮೌಲಾಸಾಬ್ ಎಂಬ ಉಸ್ತಾದರ ಕೈಯಲ್ಲಿ. ಉಸ್ತಾದರು ತಮ್ಮ ಹುಡುಗತನದಲ್ಲಿ ಹೈದರಾಬಾದಿನಲ್ಲಿ ಪರದೆ ಬರೆದವರು. ಅವರ ಮನೆಯ ಮಾಳಿಗೆಯಲ್ಲಿ ಸುತ್ತಿಟ್ಟ ಹಳೆಯ ಪರದೆಗಳಿದ್ದವು. ಮದುವೆಯಾದ ಹೊಸದರಲ್ಲಿ ನನಗೂ ಒಮ್ಮೆ ಬಿಚ್ಚಿ ತೋರಿಸಿದ್ದರು. ಎಲ್ಲಕ್ಕಿಂತ ಹಳೆಯದರಲ್ಲಿ ಊರು, ಗುಡ್ಡ ಏನೂ ಇರಲಿಲ್ಲ. ಎರಡು ದಪ್ಪ ಕಂಬ, ಗೊಂಡೆ ಕಟ್ಟಿದ ಮಖಮಲ್ ಪರದೆ, ಮೆಟ್ಟಿಲು, ಮೂಲೆಯಲ್ಲಿ ಹೂಕುಂಡ. ನವಾಬರ ಕಾಲದಲ್ಲಿ ಎಲ್ಲರಿಗೂ ಅರಮನೆಯ ಮೆಟ್ಟಿಲ ಮೇಲೆ ನಿಲ್ಲುವ ಆಸೆ ಇತ್ತಂತೆ. ಆಮೇಲಿನದರಲ್ಲಿ ಕಂಬಗಳ ನಡುವೆ ತೋಟ ಕಾಣತೊಡಗಿತು. ಅದರ ನಂತರ ಕಂಬ ಹೋದವು, ತೋಟ ಹಿಗ್ಗಿತು, ತೋಟದ ಹಿಂದೆ ಕೆರೆ, ಕೆರೆಯ ಹಿಂದೆ ಹಿಮದ ಗುಡ್ಡ ಬಂದವು. ಕಪ್ಪು ಬಿಳುಪಿನ ಕಾಲದ ಪರದೆಗಳೆಲ್ಲ ಬೂದು ಬಣ್ಣದವು. ಕಲರ್ ಫಿಲ್ಮ್ ಬಂದ ಮೇಲೆ ಅದೇ ಗುಡ್ಡಗಳಿಗೆ ಉಸ್ತಾದರು ಹಸಿರು ಹಚ್ಚಬೇಕಾಯಿತಂತೆ.

ಪರದೆ ಬರೆಯುವುದಕ್ಕೆ ಅದರದೇ ರೀತಿ ಇದೆ. ಗಟ್ಟಿ ಬಟ್ಟೆಯ ಎರಡು ಪಟ್ಟಿಗಳನ್ನು ಜೋಡಿಸಿ ಹೊಲಿಯಬೇಕು. ಅಂಟು ಕಾಸಿ ಚಾಕ್ ಪುಡಿ ಕಲಸಿ ಬಳಿಯಬೇಕು. ಒಣಗಿದ ಮೇಲೆ ಪುಡಿ ಬಣ್ಣದಿಂದ ಬರೆಯಬೇಕು. ಎಣ್ಣೆ ಬಣ್ಣ ಹಚ್ಚಿದರೆ ಫ್ಲಾಶ್ ಬಿದ್ದಾಗ ಹೊಳೆದು ಫೋಟೋ ಕೆಡುತ್ತದೆ. ನೆಲ ಆಕಾಶ ಕೂಡುವ ಗೆರೆ ನಿಂತವರ ಎದೆಯ ಮಟ್ಟಕ್ಕೆ ಬರಬೇಕು. ಆಗ ತಲೆ ತಿಳಿ ಆಕಾಶದ ಮೇಲೆ ಬಂದು ಮುಖ ಎದ್ದು ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಉಸ್ತಾದರು ಮೊದಲ ದಿನವೇ ಹೇಳಿದ್ದರಂತೆ: “ಬೇಟಾ, ನಡಬರಕ ಏನೂ ಬರೀಬ್ಯಾಡ. ಅದು ಗಿರಾಕಿ ಜಾಗಾ.”

ನಮ್ಮ ಸ್ಟುಡಿಯೋದಲ್ಲಿ ಹೆಚ್ಚು ನಡೆಯುತ್ತಿದ್ದದ್ದು ಕೆರೆ ಪರದೆ. ಹಿಮದ ಗುಡ್ಡ, ನೀಲಿ ನೀರು, ಎರಡು ಹಂಸ, ಒಂದು ಕೆಂಪು ದೋಣಿ. ನಮ್ಮವರು ಹಿಮ ನೋಡಿದವರಲ್ಲ. ಹಂಸವನ್ನೂ ನೋಡಿರಲಿಲ್ಲ. ಕ್ಯಾಲೆಂಡರ್ ನೋಡಿ ಬರೆದದ್ದು. ನಮ್ಮ ಸೀಮೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ಆ ಎರಡು ಹಂಸಗಳು ಇನ್ನೂ ತೇಲುತ್ತಿರಬಹುದು.

ಆ ವರ್ಷ ಬೇಸಿಗೆಗೆ ಮೊದಲು ಅವರಿಗೆ ಹೊಸ ಹುಚ್ಚು ಹಿಡಿಯಿತು. ನಮ್ಮ ಕಡೆಯ ಹೊಲವನ್ನೇ ಪರದೆಗೆ ತರಬೇಕೆಂದರು.

“ದಿನಾ ಹೊಲದಾಗ ನಿಂತ ಮಂದಿ, ಹೊಲದ ಮುಂದ ನಿಂದ್ರಾಕ ನಮ್ಮಲ್ಲಿ ಯಾಕ ಬರ್ತಾರ?” ಎಂದೆ.

“ಅವರು ಹೊಲದಾಗ ನಿಂದ್ರೂದಿಲ್ಲ, ಬಗ್ಗಿರ್ತಾರ,” ಎಂದರು. “ನಿಂತು ಒಮ್ಮಿ ನೋಡ್ಲಿ.”

ಬಸವಕಲ್ಯಾಣದಲ್ಲಿ ಅವರ ತಂಗಿ ಅಂಬವ್ವನ ಮನೆ. ರವಿವಾರ ಬಂತೆಂದರೆ ಮುಂಜಾನೆ ಬಸ್ಸಿಗೆ ಅಲ್ಲಿಗೆ ಹೋಗಿ, ಅವಳ ಗಂಡನ ಸೈಕಲ್ ತೆಗೆದುಕೊಂಡು ನಾರಾಯಣಪುರದ ಕಡೆ ಹೊರಡುತ್ತಿದ್ದರು. ಅಲ್ಲಿ ಒಂದು ಹೊಲ ಅವರ ಮನಸ್ಸಿಗೆ ಹಿಡಿಸಿತ್ತು. ಕಪ್ಪು ನೆಲ, ಆಕಾಶದ ತನಕ ಚಾಚಿದ್ದು. ಒಂದು ಮಗ್ಗುಲಿಗೆ ಸಿಡಿಲು ಬಡಿದು ಎರಡು ಹೋಳಾದರೂ ಚಿಗುರಿದ ಬೇವಿನ ಗಿಡ. ಅದರ ಬುಡದಲ್ಲಿ ಕಲ್ಲು ಮಣ್ಣಿನ ಒಂದು ಕಟ್ಟೆ. ಆ ಕಟ್ಟೆಯ ಮೇಲೆ ಕೂತು ಕಾಗದದ ಮೇಲೆ ಬರೆಯುತ್ತಿದ್ದರು, ಅಲ್ಲೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಮನೆಗೆ ಬಂದು ಕಾಗದದ ಮೇಲೆ ಚೌಕ ಹಾಕಿ, ಅದೇ ಚೌಕಗಳನ್ನು ದೊಡ್ಡದು ಮಾಡಿ ಬಟ್ಟೆಗೆ ಇಳಿಸುತ್ತಿದ್ದರು. ಮಳೆಗಾಲ ಹತ್ತುವ ಹೊತ್ತಿಗೆ ಪರದೆ ಮುಗಿಯಿತು.

ನಾನು ಅದನ್ನು ಮೊದಲ ಸಲ ಪೂರ್ತಿ ಬಿಚ್ಚಿ ನೋಡಿದಾಗ ಒಂದು ಹೆಜ್ಜೆ ಹಿಂದೆ ಸರಿದೆ. ಕೆರೆ ಪರದೆಯನ್ನು ನೋಡಿದರೆ ಚಿತ್ರ ನೋಡಿದ ಹಾಗೆ ಆಗುತ್ತಿತ್ತು. ಇದರ ಮುಂದೆ ನಿಂತಾಗ ಕಾಲಿಗೆ ಮಣ್ಣಿನ ಹೆಂಟೆ ಚುಚ್ಚಬಹುದು ಎನಿಸಿತು. ಆದರೆ ನಾನು ಹೇಳಿದ ಮಾತೇ ನಿಜವಾಯಿತು. ಒಬ್ಬ ಗಿರಾಕಿಯೂ ಅದನ್ನು ಕೇಳಲಿಲ್ಲ. “ದೋಣಿ ಇದ್ದದ್ದು ಹಾಕ್ರಿ ಅಕ್ಕೋರೆ” ಎನ್ನುತ್ತಿದ್ದರು. ಅದು ಮೂಲೆಯಲ್ಲಿ ಸುತ್ತಿಕೊಂಡೇ ಇತ್ತು.

ಶ್ರಾವಣದಲ್ಲಿ ಕೊಹಿನೂರಿನ ನಾಗಪ್ಪ ಎಂಬವರು ಹೆಂಡತಿ, ಮಗಳನ್ನು ಕರೆದುಕೊಂಡು ಬಂದರು. ಒಣ ಬೇಸಾಯದ ಸಣ್ಣ ರೈತ. ಮಗಳು ಸುವರ್ಣಾಳಿಗೆ ಹುಲಸೂರಿನ ಒಂದು ಮನೆಯಿಂದ ಸಂಬಂಧ ಕೇಳಿದ್ದರು, ಫೋಟೋ ಬೇಕಾಗಿತ್ತು. ಆ ಹುಡುಗಿಯನ್ನು ಕೆರೆಯ ಮುಂದೆ ನಿಲ್ಲಿಸಿದೆ. ಕೈ ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಮೈ ಬಿಗಿಯಾಗಿತ್ತು. ಮೂಲೆಯಲ್ಲಿ ಸುತ್ತಿದ್ದ ಪರದೆಯ ಅಂಚಿನಲ್ಲಿ ಬೇವಿನ ಟೊಂಗೆ ಕಂಡು, “ಅದೇನ್ರಿ ಅಕ್ಕಾ?” ಎಂದಳು. ಬಿಚ್ಚಿ ತೋರಿಸಿದೆ.

“ಇದರ ಮುಂದ ನಿಂದ್ರತೀನಿ. ಆ ಗುಡ್ಡದಾಗ ನನಗ ಥಂಡಿ ಆಗ್ತದ.”

ನಾಗಪ್ಪ ಗೊಣಗಿದರು: “ಹೊಲ ನೋಡಾಕ ಹುಮನಾಬಾದಕ್ಕ ಬರಬೇಕೇನು? ಮನ್ಯಾಗ ಹೇಳಿದ್ರ ಎತ್ತಿನ ಬಾಜೂಕ ನಿಂದರಸ್ತಿದ್ದೆ.”

“ಫೋಟೋದಾಗ ಎತ್ತು ನನಕಿಂತ ಛಂದ ಬೀಳ್ತಾವಪ್ಪಾ. ಹುಲಸೂರವರು ಎತ್ತಿಗೇ ಹೂಂ ಅಂದು ಹೋದ್ರ?”

ಅವಳ ಅವ್ವ ನಕ್ಕುಬಿಟ್ಟಳು. ಹುಡುಗಿಯ ಮುಖದಲ್ಲೂ ಆ ನಗುವಿನ ಕೊನೆ ಉಳಿದಿತ್ತು. ಅಷ್ಟರಲ್ಲಿ ನಾನು ಬಟನ್ ಒತ್ತಿದೆ. ಬೇವಿನ ಕಟ್ಟೆಯ ಪಕ್ಕದಲ್ಲಿ, ತನ್ನ ಹೊಲದಲ್ಲಿ ಯಾರನ್ನೋ ಕಾಯುತ್ತ ನಿಂತವಳ ಹಾಗೆ ಬಂದಿದ್ದಳು. ಗುಲ್ಬರ್ಗಾದ ಲ್ಯಾಬಿನಿಂದ ಪ್ರಿಂಟ್ ಬಂದಾಗ ನಮ್ಮವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ದಸರೆಯ ನಂತರ ನಾಗಪ್ಪ ಒಬ್ಬರೇ ಬಂದರು. ಬೆಂಚಿನ ಮೇಲೆ ಕೂತರು. ನೀರು ಕೊಟ್ಟರೆ ಕುಡಿಯಲಿಲ್ಲ.

“ಅಕ್ಕೋರೆ, ನನ್ನ ಮಗಳ ಫೋಟೋ ಎಲ್ಲಿ ತಗದೀರಿ?”

“ಇಲ್ಲೇ ಒಳಗ. ನೀವೂ ಇದ್ರಲ್ಲರೀ?”

“ನಾ ಇದ್ದೆ. ಅದನ್ನ ಹೇಳಿದ್ರ ಅವರು ನಂಬವಲ್ಲರು.”

ನಡೆದದ್ದು ಇಷ್ಟು. ಹುಲಸೂರಿನವರು ಬಂದು ಹೆಣ್ಣು ನೋಡಿಹೋಗಿದ್ದರು. ಹುಡುಗನಿಗೂ ಸುವರ್ಣಾಳಿಗೂ ಮನಸ್ಸಾಗಿತ್ತು. ಹುಡುಗನಿಗೆ ತಂದೆ ಇಲ್ಲ, ತಾಯಿ ಗುರಮ್ಮನೇ ಮನೆಯ ಹಿರಿಯಳು. ನಿಶ್ಚಿತಾರ್ಥಕ್ಕೆ ವೀಳ್ಯದ ದಿನ ಗೊತ್ತುಮಾಡುವಾಗ ಅವಳ ಅಣ್ಣ, ನಾರಾಯಣಪುರದ ಚನ್ನಬಸಪ್ಪ ಬಂದಿದ್ದಾರೆ. ಸೋದರಮಾವ ಹೂಂ ಅನ್ನದೆ ಲಗ್ನ ಮುಂದೆ ಹೋಗುವುದಿಲ್ಲ. ಫೋಟೋ ಅವರ ಕೈಗೆ ಕೊಟ್ಟಿದ್ದಾರೆ. ಅವರು ನೋಡಿ ಕೇಳಿದ ಮೊದಲ ಮಾತು: “ಈ ಹುಡುಗಿ ನಮ್ಮ ಹೊಲದಾಗ ಯಾವಾಗ ಬಂದಿದ್ಲು? ಯಾರ ಕೂಡ ಬಂದಿದ್ಲು?”

ಸ್ಟುಡಿಯೋದ ಪರದೆ ಎಂದರೆ ಅವರು ನಕ್ಕರಂತೆ. ಪರದೆ ಎಂದರೆ ಕೆರೆ, ದೋಣಿ ಇರುತ್ತದೆ, ನಮ್ಮ ಬೇವು ಹೇಗೆ ಬರುತ್ತದೆ ಎಂದರಂತೆ. ಸಿಂಗಾರ ಮಾಡಿಕೊಂಡ ಹುಡುಗಿ ಪರರ ಹೊಲದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದಾಳೆ, ತಂದೆ ಅದನ್ನು ಮುಚ್ಚುತ್ತಿದ್ದಾನೆ ಎಂಬ ಮಾತು ಹುಲಸೂರಿನಿಂದ ಹೊರಟು ಕೊಹಿನೂರಿಗೂ ತಲುಪಿತ್ತು. ಈ ಮಾತಿನಿಂದ ಸಂಬಂಧ ಮುರಿದರೆ ಮತ್ತೊಬ್ಬರು ಬಂದು ಕೇಳುವುದು ಕಷ್ಟ.

“ಅಷ್ಟ ಅಲ್ಲರೀ,” ನಾಗಪ್ಪ ತಲೆ ಎತ್ತಲಿಲ್ಲ. “ಅದು ಅವರ ಅಪ್ಪನ ಗದ್ದುಗಿ ಅಂತ. ಅಕಿ ಗದ್ದುಗಿಗಿ ಬೆನ್ನ ಮಾಡಿ ನಿಂತಾಳ ಅಂತ ಹುಡುಗನ ತಾಯಿ ಊಟ ಬಿಟ್ಟಾಳಂತ.”

ಒಳಗಿನಿಂದ ನಮ್ಮವರು ಬಂದು ಬಾಗಿಲಲ್ಲಿ ನಿಂತಿದ್ದರು. “ಗದ್ದುಗಿ? ಅದು ಕೂಡೂ ಕಟ್ಟಿ ಅಲ್ಲೇನ್ರಿ?” ಎಂದರು.

ನಮ್ಮ ಮಂದಿಯಲ್ಲಿ ತೀರಿದವರನ್ನು ಸುಡುವುದಿಲ್ಲ. ತಮ್ಮದೇ ಹೊಲದಲ್ಲಿ ಕೂಡಿಸಿ ಮಣ್ಣು ಕೊಡುತ್ತಾರೆ. ಮೇಲೆ ಕಲ್ಲಿನ ಕಟ್ಟೆ, ಅಂದರೆ ಗದ್ದುಗೆ ಕಟ್ಟಿ, ಅನುಕೂಲ ಆದಾಗ ಅದರ ಮೇಲೆ ಲಿಂಗವನ್ನೋ ಬಸವಣ್ಣನನ್ನೋ ಇಡಿಸುತ್ತಾರೆ. ಅದಿದ್ದರೆ ದಾರಿಯಲ್ಲಿ ಹೋಗುವವರೂ ಕೈಮುಗಿಯುತ್ತಾರೆ. ಈ ಕಟ್ಟೆಯ ಮೇಲೆ ಏನೂ ಇರಲಿಲ್ಲ. ನಮ್ಮವರಿಗೆ ಅದು ಗಿಡದ ನೆರಳಲ್ಲಿ ಕೂಡಲು ಕಟ್ಟಿದ ಕಟ್ಟೆಯಾಗಿ ಕಂಡಿತ್ತು. ಅವರು ಬೆಂಚಿನ ಮೇಲೆ ನಾಗಪ್ಪನ ಪಕ್ಕದಲ್ಲಿ ಕೂತರು. “ಅದರ ಮ್ಯಾಲ ಕೂತು ರೊಟ್ಟಿ ತಿಂದೀನಿ,” ಎಂದರು.

ಪರದೆಯನ್ನೇ ಒಯ್ದು ತೋರಿಸುವುದೆಂದು ತೀರ್ಮಾನವಾಯಿತು. ಗಂಡಿನ ಕಡೆಯವರು ಸ್ಟುಡಿಯೋಗೆ ಬರಲು ಒಪ್ಪಲಿಲ್ಲ. ಹೆಣ್ಣಿನ ಕಡೆಯವರು ಹುಲಸೂರಿಗೆ ಹೋಗುವುದು ನಾಗಪ್ಪನಿಗೆ ಸರಿಬರಲಿಲ್ಲ. ಕೊನೆಗೆ ಎರಡೂ ಕಡೆಗೆ ನಡುವೆ ಇದ್ದ ಕಲ್ಯಾಣದಲ್ಲಿ, ಅಂಬವ್ವನ ಅಂಗಳದಲ್ಲಿ ಸೇರುವುದೆಂದಾಯಿತು.

“ಪರದಾ ಒಂದ ತೋರಿಸಿದ್ರ ಅರ್ಧ ಮಾತು ಆಗ್ತದ,” ಎಂದು ನಾನು ನಾಗಪ್ಪನಿಗೆ ಹೇಳಿದೆ. “ಸುವರ್ಣಾನ್ನೂ ಕರಕೊಂಡು ಬರ್ರಿ. ಅಕಿ ಅದರ ಮುಂದ ನಿಂದ್ರಬೇಕು.”

“ಹೆಣ್ಣು ಕೊಡೋರು ನಾವು. ಮಗಳನ್ನ ಕಚೇರಿಗಿ ಒಯ್ದಂಗ ಒಯ್ಬೇಕೇನ್ರಿ?”

ಬರುವುದನ್ನು ತೀರ್ಮಾನಿಸಿದವಳು ಸುವರ್ಣಾಳೇ. “ನನ್ನ ಮಾತು ನನ್ನ ಎದುರೇ ಆಗ್ಲಿ” ಎಂದು ಅವ್ವನ ಕೈಯಲ್ಲಿ ಹೇಳಿಕಳಿಸಿದಳು.

ಆ ರವಿವಾರ ಪರದೆಯನ್ನು ಬಿದಿರಿಗೆ ಸುತ್ತಿ, ಮೇಲೆ ಬಿಳಿ ಬಟ್ಟೆ ಹೊದಿಸಿ ಹಗ್ಗ ಬಿಗಿದು ಬಸ್ ನಿಲ್ದಾಣಕ್ಕೆ ತಂದೆವು. ನಮ್ಮವರು ಬಣ್ಣದ ಡಬ್ಬಿಗಳ ಚೀಲವನ್ನೂ ಹಿಡಿದಿದ್ದರು. ಅದು ಯಾಕೆಂದು ನಾನು ಕೇಳಲಿಲ್ಲ. ಕಂಡಕ್ಟರ್ ಆ ಉದ್ದನೆಯ ಗಂಟು ನೋಡಿ ಹಿಂದೆ ಸರಿದ.

“ಏನ್ರಿ ಇದು? ಹೆಣ ಗಿಣ ಇದ್ರ ಬಿಲ್ಕುಲ್ ಹತ್ತಸೂದಿಲ್ಲ ನೋಡ್ರಿ.”

“ಹೆಣ ಅಲ್ಲಪ್ಪಾ, ಹೊಲ ಅದ,” ಎಂದರು ನಮ್ಮವರು.

“ಹೊಲ?” ಅವನು ಬಟ್ಟೆಯ ತುದಿ ಎತ್ತಿ ಇಣುಕಿ ನೋಡಿದ. “ಮಂದಿ ಹೊಲ ಮಾರಿ ಊರು ಬಿಡ್ತಾರ, ನೀವು ಹೊಲಾನೇ ಸುತ್ತಿಕೊಂಡು ಹೊಂಟೀರಲ್ಲ! ಮ್ಯಾಲ ಹಾಕ್ರಿ, ಲಗೇಜ್ ಟಿಕೆಟ್ ತಗೋರಿ.”

ಆ ದಿನ ನಮ್ಮವರು ನಕ್ಕದ್ದು ಅದೊಂದೇ ಸಲ.

ಅಂಬವ್ವನ ಅಂಗಳದ ಗೋಡೆಗೆ ಮೊಳೆ ಹೊಡೆದು ಪರದೆ ಇಳಿಬಿಟ್ಟೆವು. ಹುಲಸೂರಿನಿಂದ ಗುರಮ್ಮ, ಅವಳ ಮಗ, ನಾರಾಯಣಪುರದಿಂದ ಚನ್ನಬಸಪ್ಪ ಬಂದಿದ್ದರು. ನಾಗಪ್ಪನ ಮನೆಯವರು ಒಂದು ಮಗ್ಗುಲಿಗೆ ಕೂತಿದ್ದರು. ಸುವರ್ಣಾ ಫೋಟೋದಲ್ಲಿದ್ದ ಸೀರೆಯನ್ನೇ ಉಟ್ಟು ಬಂದಿದ್ದಳು. ಗಾಳಿ ಬೀಸಿದಾಗ ಬಟ್ಟೆ ಉಬ್ಬಿತು. ಸ್ಟುಡಿಯೋದ ಮುಚ್ಚಿದ ಕೋಣೆಯಲ್ಲಿ ಎಂದೂ ಅಲ್ಲಾಡದಿದ್ದ ಬೇವು ಅಂಗಳದಲ್ಲಿ ಅಲ್ಲಾಡಿತು.

ಚನ್ನಬಸಪ್ಪ ಎದ್ದು ಹತ್ತಿರ ಹೋದರು. ದೊಡ್ಡ ಆಳು, ಹೆಗಲ ಮೇಲೆ ಟವೆಲ್. ಗಿಡದ ಸೀಳಿನ ಮೇಲೆ ಬೆರಳಾಡಿಸಿದರು. ಬೆರಳಿಗೆ ಬಣ್ಣದ ಪುಡಿ ಹತ್ತಿತು. ಅದನ್ನು ನೋಡಿಕೊಂಡು, “ಬಟ್ಟಿ ಅದ,” ಎಂದರು.

“ಮತ್ತ? ಖರೇ ಹೊಲ ಬಸ್ಸಿನ ಮ್ಯಾಲ ಬರ್ತದೇನಣ್ಣಾ?” ಎಂದಳು ಅಂಬವ್ವ.

ನಾನು ಫೋಟೋ ಅವರ ಕೈಗೆ ಕೊಟ್ಟು ಆಕಾಶದ ನಡುವೆ ಅಡ್ಡ ಹೋದ ಸಣ್ಣ ಗೆರೆ ತೋರಿಸಿದೆ. ಅದು ಎರಡು ಪಟ್ಟಿ ಬಟ್ಟೆ ಜೋಡಿಸಿದ ಹೊಲಿಗೆ. ಪರದೆಯ ಮೇಲೂ ಅದೇ ಜಾಗದಲ್ಲಿತ್ತು. ಸುವರ್ಣಾ ಎದ್ದು ಬಂದು ಮೊದಲಿನಂತೆಯೇ ನಿಂತಳು. ಅವಳ ತಲೆಗೂ ಹೊಲಿಗೆಗೂ ಇದ್ದ ಅಂತರ ಫೋಟೋದಲ್ಲಿ ಇದ್ದಷ್ಟೇ ಇತ್ತು. ಚನ್ನಬಸಪ್ಪ ಒಮ್ಮೆ ಫೋಟೋ, ಒಮ್ಮೆ ಅವಳನ್ನು ನೋಡಿದರು.

“ತಪ್ಪ ತಿಳಕೋಬ್ಯಾಡವ್ವಾ,” ಎಂದರು. “ಆಕಾಶಕ್ಕ ಹೊಲಿಗಿ ಇರ್ತದಂತ ನಮಗೇನ್ ಗೊತ್ತು.”

ಸುವರ್ಣಾ ನೆಲ ನೋಡುತ್ತಲೇ ಹೇಳಿದಳು: “ನಿಮ್ಮ ಹೊಲ ನಾ ಇನ್ನಾ ನೋಡಿಲ್ರಿ ಮಾವಾ. ಒಮ್ಮಿ ಕರೀರಿ.”

ಎಲ್ಲರೂ ನಕ್ಕರು. ಹುಡುಗ ಗೋಡೆಯ ಕಡೆ ತಿರುಗಿ ನಕ್ಕ. ನಾಗಪ್ಪನ ಭುಜ ಇಳಿದವು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಗುರಮ್ಮ ಮಾತ್ರ ನಕ್ಕಿರಲಿಲ್ಲ. ಬಂದಾಗಿನಿಂದ ಅವಳ ಕಣ್ಣು ಕಟ್ಟೆಯ ಮೇಲೇ ಇತ್ತು.

“ಹುಡುಗಿದು ತಪ್ಪಿಲ್ಲ, ಕಬೂಲ್,” ಎಂದಳು. “ಆದ್ರ ಬಟ್ಟಿ ಮ್ಯಾಲ ಇರ್ಲಿ, ಕಾಗದದ ಮ್ಯಾಲ ಇರ್ಲಿ, ಅದು ನಮ್ಮಪ್ಪನ ಗದ್ದುಗಿ. ಹೋಗಿ ವರ್ಷ ತುಂಬಿಲ್ಲ. ನನ್ನ ಸೊಸಿ ಮೊದಲನೇ ಫೋಟೋ ಗದ್ದುಗಿ ಮುಂದ ಇರೂದು ಬ್ಯಾಡ. ಇದರ ಮುಂದ ನಾಳಿ ಇನ್ಯಾರೋ ನಿಂದ್ರೂದೂ ಬ್ಯಾಡ. ನಮ್ಮಪ್ಪ ಎಲ್ಲಾರ ಫೋಟೋದಾಗ ಕೂಡಾಕ ಗೊಂಬಿ ಆಗ್ಯಾನೇನು?”

ನಮ್ಮವರು ಮುಂದೆ ಬಂದು ಕೈಮುಗಿದರು. “ಗೊತ್ತಿಲ್ದ ಬರದೀನಿ ತಾಯಿ. ಮ್ಯಾಲ ಲಿಂಗ ಇದ್ದಿದ್ರ ನಾ ಅಲ್ಲಿ ಕೂಡ್ತಿದ್ದಿಲ್ಲ.”

“ಲಿಂಗ ಇದ್ದಿದ್ರ ಅಂದ್ರ?” ಗುರಮ್ಮ ಅಣ್ಣನ ಕಡೆ ತಿರುಗಿದಳು. “ಇನ್ನಾ ಇಡಿಸಿಲ್ಲೇನು? ಯುಗಾದಿಗೇ ಇಡಸ್ತೀನಿ ಅಂದಿದ್ದಿ?”

ಚನ್ನಬಸಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ರಾಶಿ ಆಗ್ಲಿ, ಮಳಿ ಬೀಳ್ಲಿ ಅಂತ… ಹಂಗೇ ಉಳೀತು, ತಂಗಿ.”

ಆಗ ನನಗೆ ಚನ್ನಬಸಪ್ಪನವರ ಸಿಟ್ಟು ಅರ್ಥವಾಯಿತು. ಹುಡುಗಿಯ ಮೇಲೆ ಏರಿಹೋದ ಆ ಸಿಟ್ಟಿನಲ್ಲಿ, ಲಿಂಗ ಇಡಿಸದೆ ಉಳಿದ ತಮ್ಮ ಮೇಲಿನದೂ ಸೇರಿತ್ತು. ಗುರಮ್ಮ ತವರಿನ ಹೊಲಕ್ಕೆ ಮಣ್ಣು ಕೊಟ್ಟ ದಿನದ ನಂತರ ಹೋಗಿರಲಿಲ್ಲ. ಆ ಬರಿಯ ಕಟ್ಟೆಯನ್ನು ಅವಳು ಕಂಡದ್ದು ಮಗನಿಗೆ ಬಂದ ಹುಡುಗಿಯ ಫೋಟೋದಲ್ಲಿ, ಅದೂ ಅಣ್ಣ ಗುರುತಿಸಿದ ಮೇಲೆ. ಅದು ಲಿಂಗ ಇಡಿಸುವ ಮೊದಲಿನದೆಂದು ತಿಳಿದಿದ್ದಳು.

“ಅಳಸ್ತೀನಿ,” ಎಂದರು ನಮ್ಮವರು, ಬಣ್ಣದ ಚೀಲ ಬಿಚ್ಚುತ್ತ. ಆ ಚೀಲ ಯಾಕೆ ಬಂದಿತ್ತೆಂದು ನನಗೆ ಆಗ ತಿಳಿಯಿತು. ಬಸ್ ಹತ್ತುವ ಮೊದಲೇ ಅವರು ಅದಕ್ಕೆ ಮನಸ್ಸು ಮಾಡಿದ್ದರು. ಅವರು ಬರೆದ ಪರದೆಗಳಲ್ಲಿ ಕಣ್ಣಿಂದ ನೋಡಿ ಬರೆದದ್ದು ಅದೊಂದೇ. ಎಷ್ಟು ರವಿವಾರಗಳು ಅದರಲ್ಲಿದ್ದವೋ.

ಅಂಬವ್ವ ನೀರು ತಂದಳು. ಅವರು ಕಪ್ಪು ನೆಲದ ಬಣ್ಣ ಕಲಸಿ, ಕುಂಚ ಅದ್ದಿ, ಕಟ್ಟೆಯ ಮೂಲೆಗೆ ತಂದಾಗ ಚನ್ನಬಸಪ್ಪ ಅವರ ಕೈ ಹಿಡಿದರು.

“ತಡೀರಿ ಮಾಸ್ತರ. ಅಳಸಬ್ಯಾಡ್ರಿ. ಈ ಪರದಾ ನನಗ ಕೊಡ್ರಿ, ಒಯ್ದು ಮನ್ಯಾಗ ಇಟ್ಕೋತೀನಿ.”

ನಮ್ಮವರು ಕುಂಚ ಇಳಿಸಿದರು. “ಒಯ್ರಿ. ನಿಮ್ಮದೇ ಅದು,” ಎಂದರು. ನನಗೂ ಜೀವ ಬಂದ ಹಾಗಾಯಿತು. ಅದು ನಮ್ಮ ಹತ್ತಿರ ಇರದಿದ್ದರೂ ಎಲ್ಲೋ ಒಂದು ಕಡೆ ಉಳಿಯುತ್ತಿತ್ತು.

“ಯಾಕ?” ಎಂದಳು ಗುರಮ್ಮ. “ಪರದಾದಾಗಿನ ಗದ್ದುಗಿಗಿ ದೀಪಾ ಹಚ್ಚಿ ಕೂಡಾಕೇನು? ಹೊಲ ಅಲ್ಲೇ ಅದ. ಅಪ್ಪ ಅಲ್ಲೇ ಅದಾನ. ಲಿಂಗ ಇಡಿಸಣ್ಣಾ. ಬಟ್ಟಿ ಬ್ಯಾಡ.”

ಚನ್ನಬಸಪ್ಪ ನಮ್ಮವರ ಕೈ ಬಿಟ್ಟರು. ಆದರೆ ನಮ್ಮವರು ಕುಂಚ ಎತ್ತಿದಾಗ ಗುರಮ್ಮನೇ ನನ್ನ ಕಡೆ ತಿರುಗಿದಳು. ದನಿ ಇಳಿದಿತ್ತು.

“ಅಕ್ಕೋರೆ, ಕ್ಯಾಮೆರಾ ತಂದೀರೇನು?”

ತಂದಿದ್ದೆ. ಅವಳು ಅಣ್ಣನ ಕೈ ಹಿಡಿದು ಪರದೆಯ ಮುಂದೆ ನಿಲ್ಲಿಸಿದಳು. ಕಟ್ಟೆಯ ಒಂದು ಮಗ್ಗುಲಿಗೆ ಅಣ್ಣ, ಇನ್ನೊಂದು ಮಗ್ಗುಲಿಗೆ ತಾನು. ನಡುವೆ ಯಾರೂ ನಿಲ್ಲಲಿಲ್ಲ. ಗುರಮ್ಮ ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ಸ್ಟುಡಿಯೋದಲ್ಲಿ ನಾನು ಎಲ್ಲರಿಗೂ ಗದ್ದ ಎತ್ತಿ, ನಗಿ ಎಂದು ಹೇಳುತ್ತಿದ್ದೆ. ಆ ದಿನ ಏನೂ ಹೇಳಲಿಲ್ಲ. ಒಂದೇ ಫೋಟೋ ತೆಗೆದೆ.

“ಈಗ ಅಳಸ್ರಿ,” ಎಂದಳು.

ಮೊದಲು ಕಟ್ಟೆ ಹೋಯಿತು. ಕಲ್ಲಿನ ಮೇಲೆ ಕಪ್ಪು ನೆಲ ಸಾಲು ಸಾಲಾಗಿ ಹರಡಿತು. ಗಿಡ ಇದ್ದರೆ ಇರಲಿ ಎಂದಳು ಗುರಮ್ಮ. ನಮ್ಮವರು ತಲೆಯಲ್ಲಾಡಿಸಿದರು. “ಗಿಡ ಇದ್ರ ನಾರಾಯಣಪುರದವರು ಗುರ್ತಾ ಹಿಡೀತಾರ. ಹೋಗ್ಲಿ ಬಿಡ್ರಿ.” ಸೀಳಿದ ಬೊಡ್ಡೆ, ಚಿಗುರು, ನೆರಳು ಒಂದೊಂದಾಗಿ ಆಕಾಶದ ಬಣ್ಣದ ಕೆಳಗೆ ಸೇರಿದವು. ಅವರ ಕೈ ಎಲ್ಲೂ ಅವಸರ ಮಾಡಲಿಲ್ಲ. ಬರೆಯುವಾಗ ಎಷ್ಟು ನಿಧಾನವಾಗಿ ಬರೆದಿದ್ದರೋ ಅಷ್ಟೇ ನಿಧಾನವಾಗಿ ಅಳಿಸಿದರು. ಹುಡುಗನ ಕಡೆಯವರು, ಹುಡುಗಿಯ ಕಡೆಯವರು ಒಂದೇ ಜಮಖಾನೆಯ ಮೇಲೆ ಕೂತು ನೋಡಿದರು. ಕೊನೆಗೆ ಪರದೆಯ ಮೇಲೆ ಉಳಿದದ್ದು ಕಪ್ಪು ನೆಲ, ಅದರ ಮೇಲೆ ಆಕಾಶ.

ಒಣಗಿದ ಮೇಲೆ ಸುವರ್ಣಾಳನ್ನು ಮತ್ತೆ ನಿಲ್ಲಿಸಿ ಫೋಟೋ ತೆಗೆದೆ. ಹಳೆಯ ಪ್ರಿಂಟುಗಳನ್ನೂ ನೆಗೆಟಿವನ್ನೂ ಗುರಮ್ಮನ ಮುಂದೆಯೇ ಕತ್ತರಿಸಿ ಅವಳ ಕೈಗೆ ಕೊಟ್ಟೆ. ಅಂಬವ್ವ ಎಲ್ಲರಿಗೂ ಚಹಾ ಕೊಟ್ಟಳು. ಚಹಾ ಕುಡಿಯುತ್ತಲೇ ವೀಳ್ಯದ ದಿನ ಗೊತ್ತಾಯಿತು. ಸುಗ್ಗಿಯ ರಾಶಿ ಮುಗಿದ ಮೇಲೆ ಲಗ್ನವೂ ಆಯಿತು. ಅದಕ್ಕಿಂತ ಮೊದಲು ಚನ್ನಬಸಪ್ಪ ನಮ್ಮನ್ನು ನಾರಾಯಣಪುರಕ್ಕೆ ಕರೆದಿದ್ದರು. ಕಟ್ಟೆಯ ಮೇಲೆ ಲಿಂಗ ಇಡಿಸುವ ದಿನ ಅಣ್ಣ ತಂಗಿ ಇಬ್ಬರೂ ಇದ್ದರು. ನಾನು ಫೋಟೋ ತೆಗೆದೆ. ನಮ್ಮವರು ಗಿಡದಿಂದ ಸ್ವಲ್ಪ ದೂರ ನೆಲದ ಮೇಲೆ ಕೂತರು.

ಆ ಬರಿಯ ಪರದೆಯನ್ನು ಇನ್ನು ಯಾರು ಕೇಳುತ್ತಾರೆ ಎಂದುಕೊಂಡಿದ್ದೆ. ಆದರೆ ನಿಧಾನವಾಗಿ ಅದಕ್ಕೆ ಗಿರಾಕಿಗಳು ಬಂದರು. ಸುವರ್ಣಾಳ ಮದುವೆಯ ಮನೆಯಲ್ಲಿ ಫೋಟೋ ನೋಡಿದವರು ಮೊದಲು ಬಂದರು. ಆಮೇಲೆ ಮುದುಕರು ಬಂದರು, ಒಂಟಿಯಾಗಿ ಫೋಟೋ ತೆಗೆಸಿಕೊಳ್ಳುವವರು. “ಕೆರಿ ಬ್ಯಾಡ್ರಿ, ಆ ಖಾಲಿ ಹೊಲ ಹಾಕ್ರಿ” ಎನ್ನುತ್ತಿದ್ದರು. ಹುಲಸೂರಿನವನು ಇದು ನಮ್ಮ ಊರ ಹಿಂದಿನ ಹೊಲ ಎನ್ನುತ್ತಿದ್ದ, ಕೊಹಿನೂರಿನವನು ನಮ್ಮದೇ ಎನ್ನುತ್ತಿದ್ದ. ನಮ್ಮವರು ಇಬ್ಬರಿಗೂ ಹೌದ್ರಿ ಎನ್ನುತ್ತಿದ್ದರು.

೨೦೦೪–೦೫ರ ಹೊತ್ತಿಗೆ ಕಂಪ್ಯೂಟರ್ ಬಂತು. ಗಿರಾಕಿಯನ್ನು ನೀಲಿ ಬಟ್ಟೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದು, ಹಿಂದೆ ಬೇಕಾದ ಜಲಪಾತ ಕೂಡಿಸುವುದು. ನಮ್ಮ ಅಳಿಯ ಅದನ್ನು ಕಲಿತ, ಸ್ಟುಡಿಯೋ ಅವನಿಗೆ ಬಿಟ್ಟೆವು. ಪರದೆಗಳು ಒಂದೊಂದಾಗಿ ಹರಿದವು. ಬಿಸಿಲಿಗೆ ಹಪ್ಪಳ ಒಣಹಾಕಲು ಕೆಳಗೆ ಹಾಸಿದೆವು, ಮಳೆಗೆ ಕಟ್ಟಿಗೆಯ ಮೇಲೆ ಹೊದಿಸಿದೆವು. ಬರಿಯ ಹೊಲದ್ದೂ ಹಾಗೆಯೇ ಹೋಯಿತು. ಅವರಿಗೆ ಅದರ ಬಗ್ಗೆ ಬೇಸರ ಇದ್ದಂತೆ ಕಾಣಲಿಲ್ಲ. ನನಗೆ ಇತ್ತು, ಈಗಲೂ ಇದೆ.

ಅವರನ್ನು ಹುಮನಾಬಾದಿನ ಹೊರಗೆ ಅವರ ಅಣ್ಣನ ಹೊಲದಲ್ಲಿ ಕೂಡಿಸಿದ್ದೇವೆ. ತೊಗರಿಯ ನಡುವೆ ಒಂದು ಕಟ್ಟೆ. ತಿಂಗಳಿಗೆ ಒಮ್ಮೆ ಹೋಗಿ ಕಸ ತೆಗೆದು ಬರುತ್ತೇನೆ. ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಅಲ್ಲಿ ಕಾಣುವುದು ತೊಗರಿ, ಆಕಾಶ, ಅಷ್ಟೆ. ಚಿತ್ರ ಬರೆಯುವವನೊಬ್ಬ ಬಂದು ಬರೆದರೂ ಅಷ್ಟನ್ನೇ ಬರೆದಾನು. ಮೂವತ್ತು ವರ್ಷ ನಾನು ಮುಂದೆ ನಿಂತವರ ಮುಖಕ್ಕೆ ಬೆಳಕು ಸರಿಮಾಡಿದೆ. ಹಿಂದೆ ಇರುವುದು ಬರಿಯ ಜಾಗ ಎಂದುಕೊಂಡಿದ್ದೆ. ಯಾವ ಹೊಲವೂ ಖಾಲಿ ಇರುವುದಿಲ್ಲ ಎಂಬುದನ್ನು ಗುರಮ್ಮ ಆ ದಿನ ಅಂಗಳದಲ್ಲಿ ಕಲಿಸಿದಳು. ಅಲ್ಲಿ ಯಾರೋ ಒಬ್ಬರು ಇರುತ್ತಾರೆ, ಅವರವರ ಮನೆಯವರಿಗೆ ಮಾತ್ರ ಕಾಣುತ್ತಾರೆ. ಹೋದ ತಿಂಗಳು ಕಲ್ಲು ಕೆತ್ತುವವನ ಮನೆಗೆ ಹೋಗಿ, ಇವರ ಕಟ್ಟೆಯ ಮೇಲೆ ಇಡಲು ಲಿಂಗ ಹೇಳಿ ಬಂದಿದ್ದೇನೆ. ಮಳೆ ಬೀಳಲಿ ಎಂದು ಕಾಯಲಿಲ್ಲ.